ಸತ್ಯ ಯಾರಿಗೆ ಸಲ್ಲಬೇಕು?

ಕೆನಡಾದ ನೋವಾ ಸ್ಕೋಷಿಯಾದ ಲೇಖಕಿ ರೇಚಲ್ ರೀಡ್ 2019ರಲ್ಲಿ ಪ್ರಕಟಿಸಿದ 'ಹೀಟೆಡ್ ರೈವಲ್ರಿ' ಕಾದಂಬರಿಯ ನಾಯಕರಿಬ್ಬರೂ ಐಸ್ ಹಾಕಿ ಆಟಗಾರರು. ಮಾಂಟ್ರಿಯಲ್ ತಂಡದ ಶೇನ್ ಹಾಲಂಡರ್ ಶಿಸ್ತಿನವನು, ಮಿತಭಾಷಿ. ಬಾಸ್ಟನ್ ತಂಡದ ಇಲ್ಯಾ ರೋಜನೋವ್ ರಷ್ಯಾದವನು, ಮಾತಿನಲ್ಲಿ ಮೊನಚು. ಪತ್ರಿಕೆಗಳ ಪಾಲಿಗೆ ಇವರು ಬದ್ಧವೈರಿಗಳು. ಹೋಟೆಲ್ ಕೋಣೆಗಳಲ್ಲಿ ಗುಟ್ಟಾಗಿ ಸೇರುವ ಪ್ರೇಮಿಗಳೆಂಬುದು ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಅದು ಪ್ರೀತಿಯೆಂದು ಅವರೇ ಒಪ್ಪಿಕೊಳ್ಳುವುದೂ ಬಹಳ ತಡವಾಗಿ. 2025ರಲ್ಲಿ ಟಿ.ವಿ. ಸರಣಿಯಾದ ಮೇಲೆ ಈ ಕಥೆ ದೂರದೂರಕ್ಕೆ ಹಬ್ಬಿತು. ಇದನ್ನು ಹಸಿಬಿಸಿ ಓದು ಎಂದು ಬದಿಗಿಡುವವರಿದ್ದಾರೆ. ಶೃಂಗಾರ ಅದರಲ್ಲಿ ಧಾರಾಳವಾಗಿಯೇ ಇದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಓದುತ್ತ ಹೋದಂತೆ ಹಳೆಯದೊಂದು ಧರ್ಮಪ್ರಶ್ನೆ ಎದುರಾಗುತ್ತದೆ: ತನ್ನ ಪ್ರೀತಿಯನ್ನು ಲೋಕದಿಂದ ಬಚ್ಚಿಡುವವನು ಸುಳ್ಳುಗಾರನೇ? ಅಲ್ಲ ಎಂಬುದು ನನ್ನ ವಾದ. ಸತ್ಯ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಲ್ಲಬೇಕಾದುದಲ್ಲ. ಬದುಕನ್ನು ಹಂಚಿಕೊಂಡವರಿಗೆ ಅದು ಸಲ್ಲಲೇಬೇಕು. ಕೇಳಿಸಿಕೊಂಡು ಶಿಕ್ಷಿಸಲು ಕಾದು ನಿಂತವರಿಗೆ ಅದರ ಮೇಲೆ ಹಕ್ಕಿಲ್ಲ.

ಸುಳ್ಳಿನ ವಿಷಯದಲ್ಲಿ ಸಂತ ಅಗಸ್ಟೀನ್‌ರಷ್ಟು ಕಟ್ಟುನಿಟ್ಟಾದ ಕ್ರೈಸ್ತ ಚಿಂತಕರು ವಿರಳ. ಪ್ರಾಣ ಉಳಿಸಲೂ ಸುಳ್ಳಾಡಬಾರದು ಎಂದವರು ಅವರು. ಆದರೂ ಸತ್ಯವನ್ನು ಮರೆಯಲ್ಲಿಡುವುದು ಬೇರೆ, ಸುಳ್ಳು ಹೇಳುವುದು ಬೇರೆ ಎಂದು ಅವರೇ ಒಪ್ಪುತ್ತಾರೆ. ಥಾಗಸ್ಟೆಯ ಬಿಷಪ್ ಫರ್ಮಸ್‌ನ ಕಥೆಯನ್ನು ಮೆಚ್ಚಿ ಹೇಳುತ್ತಾರೆ: ತಾನು ಬಚ್ಚಿಟ್ಟವನನ್ನು ಹುಡುಕಿಕೊಂಡು ಚಕ್ರವರ್ತಿಯ ಕಡೆಯವರು ಬಂದಾಗ ಆತ ಸುಳ್ಳೂ ಹೇಳಲಿಲ್ಲ, ಹಿಡಿದೂ ಕೊಡಲಿಲ್ಲ, ಚಿತ್ರಹಿಂಸೆಯನ್ನು ತಾಳಿಕೊಂಡ. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವ ಕೌಶಿಕನ ಕಥೆ ಇನ್ನೂ ಮುಂದಕ್ಕೆ ಹೋಗುತ್ತದೆ. ದರೋಡೆಕೋರರಿಗೆ ಹೆದರಿ ಅಡಗಿದವರು ಎತ್ತ ಹೋದರೆಂದು ಸತ್ಯವ್ರತಿ ಕೌಶಿಕ ಬಾಯಿಬಿಡುತ್ತಾನೆ, ಅದಕ್ಕಾಗಿ ನರಕ ಕಾಣುತ್ತಾನೆ. ಅವನ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಆ ಮಾತನ್ನು ಯಾರ ಕೈಗೆ ಕೊಟ್ಟ ಎಂಬಲ್ಲಿ ತಪ್ಪಿತ್ತು. ರೀಡ್ ಅವರ ಕಾದಂಬರಿಯಲ್ಲಿ ಅಡಗಿರುವವನೂ ಕಾಯಬೇಕಾದವನೂ ಒಬ್ಬನೇ. ಇಲ್ಯಾ ಹುಟ್ಟಿದ ನಾಡು 2013ರಲ್ಲೇ ಮಕ್ಕಳ ರಕ್ಷಣೆಯ ಹೆಸರಿನಲ್ಲಿ ಸಲಿಂಗಪ್ರೇಮದ 'ಪ್ರಚಾರ'ವನ್ನು ನಿಷೇಧಿಸಿತ್ತು. 2022ರ ಕೊನೆಗೆ ಆ ನಿಷೇಧ ಎಲ್ಲ ವಯಸ್ಸಿನವರಿಗೂ ವಿಸ್ತರಿಸಿತು. ಮರುವರ್ಷ ಅಲ್ಲಿನ ಸುಪ್ರೀಂ ಕೋರ್ಟು ಸಲಿಂಗಿಗಳ ಚಳವಳಿಗೆ ಉಗ್ರವಾದದ ಹಣೆಪಟ್ಟಿ ಹಚ್ಚಿತು. ಅಂಥ ದೇಶದವನಿಗೆ ಪ್ರಾಮಾಣಿಕನಾಗು ಎಂದು ಬುದ್ಧಿ ಹೇಳುವವರು, ಊರಿಗೆ ಮರಳುವ ದಾರಿ ಅವನಿಗೆ ಮುಚ್ಚಿಹೋದೀತೆಂಬುದನ್ನೂ ಸೇರಿಸಿ ಹೇಳಬೇಕಾಗುತ್ತದೆ.

ಹಾಗೆಂದು ಗುಟ್ಟೆಲ್ಲ ನಿರ್ದೋಷಿಯಲ್ಲ, ಕಾದಂಬರಿಯೂ ಹಾಗೆನ್ನುವುದಿಲ್ಲ. ಶೇನ್ ನಡುವೆ ರೋಸ್ ಲ್ಯಾಂಡ್ರಿ ಎಂಬ ನಟಿಯ ಜೊತೆ ಓಡಾಡತೊಡಗುತ್ತಾನೆ. ತನ್ನನ್ನೇ ನಂಬಿಸಿಕೊಳ್ಳುವ ಪ್ರಯತ್ನ ಅದು, ಆದರೆ ಅದರಲ್ಲಿ ಇನ್ನೊಂದು ಜೀವ ಸಿಕ್ಕಿಕೊಂಡಿದೆ. ಕ್ರೀಡಾಂಗಣದ ಸಾವಿರಾರು ಜನರೆದುರು ಮೌನವಾಗಿರುವುದಕ್ಕೂ, ತನ್ನನ್ನು ನೆಚ್ಚಿ ಹತ್ತಿರ ಬಂದವಳೆದುರು ಮೌನವಾಗಿರುವುದಕ್ಕೂ ಅಜಗಜಾಂತರವಿದೆ. ಎರಡನೆಯದು ವಂಚನೆಯ ಅಂಚಿಗೆ ಬಂದು ನಿಲ್ಲುತ್ತದೆ. ಅವನು ಹೇಳುವ ಮೊದಲೇ ರೋಸ್ ಅರಿತುಕೊಳ್ಳುತ್ತಾಳೆ, ಮೃದುವಾಗಿಯೇ ಮಾತು ತೆಗೆಯುತ್ತಾಳೆ. ಅವಳ ಎದುರು ಶೇನ್ ನಿಜ ಒಪ್ಪಿಕೊಳ್ಳುವ ಪುಟಗಳು ನನ್ನ ಮಟ್ಟಿಗೆ ಇಡೀ ಪುಸ್ತಕದ ನೈತಿಕ ಕೇಂದ್ರ. ಪ್ರೇಮಕಾದಂಬರಿಯಲ್ಲಿ ಸುಖಾಂತ ಮೊದಲೇ ನಿಶ್ಚಿತ, ಹಾಗಾಗಿ ಅದು ತಾತ್ವಿಕ ಚರ್ಚೆಗೆ ಒದಗದು ಎನ್ನುವವರು ಇಲ್ಲಿನ ಸುಖಾಂತ ಎಂಥದೆಂದು ಗಮನಿಸಲಿ. ಶೇನ್‌ನ ತಂದೆತಾಯಿಗೆ ವಿಷಯ ತಿಳಿಯುತ್ತದೆ. ಇಲ್ಯಾನ ತೀರಿಹೋದ ತಾಯಿಯ ಹೆಸರಿನಲ್ಲಿ ಇಬ್ಬರೂ ಸೇರಿ ಒಂದು ಸೇವಾಸಂಸ್ಥೆ ಕಟ್ಟುತ್ತಾರೆ. ಪತ್ರಕರ್ತರ ಮುಂದೆ ಮಾತ್ರ ಅವರು ಸ್ನೇಹಿತರು, ಅಷ್ಟೇ. ಲೋಕಕ್ಕೆ ಸಾರದೆಯೂ ಈ ಕಾದಂಬರಿ ಸುಖವನ್ನು ಪೂರ್ತಿಯಾಗಿ ಕಾಣುತ್ತದೆ.

ಇದಕ್ಕೆ ಬಲವಾದ ಆಕ್ಷೇಪ ಬರುವುದು ಸಲಿಂಗಿಗಳ ಪರವಾಗಿ ನಿಂತವರಿಂದಲೇ. ಪ್ರಸಿದ್ಧರು ಬಾಯಿಮುಚ್ಚಿಕೊಂಡಷ್ಟು ದಿನ ಎಳೆಯರು ಒಂಟಿಯಾಗಿ ನರಳುತ್ತಾರಲ್ಲ? ಕಾದಂಬರಿಯೊಳಗೇ ಇದಕ್ಕೆ ಆಧಾರವಿದೆ: ಸ್ಕಾಟ್ ಹಂಟರ್ ಎಂಬ ತಂಡನಾಯಕ ಕಪ್ ಗೆದ್ದ ದಿನ ಎಲ್ಲರೆದುರು ಮಂಜಿನಂಗಳದಲ್ಲೇ ತನ್ನ ಪ್ರಿಯನಿಗೆ ಮುತ್ತಿಟ್ಟದ್ದನ್ನು ನೋಡಿದ ಮೇಲೆಯೇ ಇಲ್ಯಾಗೆ ಧೈರ್ಯ ಬರುವುದು. ನಿಜಜೀವನದಲ್ಲಿ 1917ರಿಂದ ನಡೆದುಬಂದ ನ್ಯಾಷನಲ್ ಹಾಕಿ ಲೀಗಿನ ಒಪ್ಪಂದದಲ್ಲಿದ್ದ ಆಟಗಾರನೊಬ್ಬ ತಾನು ಗೇ ಎಂದು ಹೇಳಿಕೊಂಡದ್ದು 2021ರಲ್ಲಿ, ಲ್ಯೂಕ್ ಪ್ರೊಕಾಪ್. ಅವರಿಗೆ ಮುಂಚೆ ಹಾಗೆ ಹೇಳಿದವರಿರಲಿಲ್ಲ. ಆ ಮಾತಿನ ಬೆಲೆಯನ್ನು ನಾನು ಕಡಿಮೆಮಾಡುವುದಿಲ್ಲ. ಆದರೆ ಅದು ದಾನ, ಸಾಲತೀರಿಕೆಯಲ್ಲ. 2013ರಲ್ಲಿ ಕಥೆಗಾರ ವಸುಧೇಂದ್ರ ಸಲಿಂಗಪ್ರೇಮದ ಕಥೆಗಳ 'ಮೋಹನಸ್ವಾಮಿ'ಯನ್ನು ಪ್ರಕಟಿಸಿದಾಗ ಕನ್ನಡಿಗರಿಗೆ ದೊರೆತದ್ದೂ ಅಂಥ ದಾನವೇ. ಒಬ್ಬ ಕೊಟ್ಟನೆಂದು ಇನ್ನೊಬ್ಬನ ಮನೆಬಾಗಿಲಲ್ಲಿ ನಿಂತು ವಸೂಲಿ ಮಾಡಲಾಗದು.

ಇನ್ನೊಂದು ಆಕ್ಷೇಪ ಶ್ರದ್ಧಾವಂತರದು. 2023ರ ಜನವರಿಯಲ್ಲಿ ಫಿಲಡೆಲ್ಫಿಯಾ ತಂಡದ ಇವಾನ್ ಪ್ರೊವೊರೊವ್ ತಮ್ಮ ಆರ್ಥಡಾಕ್ಸ್ ಧರ್ಮಕ್ಕೆ ನಿಷ್ಠರಾಗಿ, ಆಟಕ್ಕೆ ಮುಂಚಿನ ಅಭ್ಯಾಸದಲ್ಲಿ ಸಲಿಂಗಿಗಳಿಗೆ ಬೆಂಬಲ ಸೂಚಿಸುವ ಕಾಮನಬಿಲ್ಲಿನ ಜೆರ್ಸಿ ತೊಡಲು ಒಪ್ಪಲಿಲ್ಲ. ಮಾರ್ಚ್‌ನಲ್ಲಿ ಸ್ಯಾನ್ ಹೊಸೆಯ ಜೇಮ್ಸ್ ರೈಮರ್ ಬೈಬಲ್ಲಿನ ಆಧಾರದಲ್ಲಿ ಹಾಗೆಯೇ ನಿರಾಕರಿಸಿದರು. ಇವರ ಅಂತಃಸಾಕ್ಷಿಗೆ ಬೆಲೆಯಿಲ್ಲವೇ? ಖಂಡಿತ ಇದೆ. ಮನಸ್ಸೊಪ್ಪದ ಬಟ್ಟೆಯನ್ನು ಬಲವಂತವಾಗಿ ತೊಡಿಸುವುದೂ ಸುಳ್ಳು ಹೇಳಿಸಿದಂತೆಯೇ. ಶೇನ್‌ನ ಮೌನವನ್ನು ಸಮರ್ಥಿಸುವ ತರ್ಕವೇ ಪ್ರೊವೊರೊವ್ ಅವರ ನಿರಾಕರಣೆಯನ್ನೂ ಕಾಯುತ್ತದೆ. ವ್ಯತ್ಯಾಸವಿರುವುದು ತೆರುವ ಬೆಲೆಯಲ್ಲಿ. ತಮ್ಮ ನಂಬಿಕೆಯನ್ನು ಮೈಕಿನ ಮುಂದೆ ಹೇಳಿಯೂ ಅವರು ಲೀಗಿನಲ್ಲಿ ಆಡುತ್ತಲೇ ಇದ್ದರು. ಲೀಗು ಮಾಡಿದ್ದೇನು? ಒಪ್ಪದವರಿಗೆ ವಿನಾಯಿತಿ ಕೊಟ್ಟು ಸುಮ್ಮನಾಗದೆ, ಜೂನ್‌ನಲ್ಲಿ ಅಂಥ ವಿಶೇಷ ಜೆರ್ಸಿಗಳನ್ನು ಎಲ್ಲರಿಗೂ ನಿಲ್ಲಿಸಿಬಿಟ್ಟಿತು. ಹಾಕಿ ಕೋಲಿಗೆ ಕಾಮನಬಿಲ್ಲಿನ ಟೇಪು ಸುತ್ತುವುದನ್ನೂ ನಿಷೇಧಿಸಿತು. ಕೆಲವರ ಅಂತಃಸಾಕ್ಷಿಯ ಹೆಸರಿನಲ್ಲಿ ಉಳಿದವರ ಅಂತಃಸಾಕ್ಷಿಗೆ ಜಾಗವಿಲ್ಲವಾಯಿತು. ಆ ಅಕ್ಟೋಬರ್‌ನಲ್ಲಿ ಅರಿಜೋನಾ ತಂಡದ ಟ್ರಾವಿಸ್ ಡರ್ಮಾಟ್ ನಿಷೇಧವನ್ನು ಲೆಕ್ಕಿಸದೆ ಕೋಲಿಗೆ ಅದೇ ಟೇಪು ಸುತ್ತಿ ಆಡಿದರು. ಕೆಲವೇ ದಿನಗಳಲ್ಲಿ ಲೀಗು ಟೇಪಿನ ನಿಷೇಧವನ್ನು ಹಿಂತೆಗೆದುಕೊಂಡಿತು. ಜೆರ್ಸಿಯ ನಿರ್ಧಾರವನ್ನು ಮಾತ್ರ ಬದಲಿಸಲಿಲ್ಲ.