ತಾಲ್ಲೂಕಿನ ಸರಾಸರಿ, ಕೇರಿಯ ಬದುಕು

ಕನ್ನಡದ ತಿರುಳಿರುವ ನಾಡನ್ನು ಗುರುತಿಸುವಾಗ ಕವಿರಾಜಮಾರ್ಗವು ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆ ಕೊಪಣವನ್ನೂ ಹೆಸರಿಸುತ್ತದೆ. ಆ ಕೊಪಣವೇ ಇಂದಿನ ಕೊಪ್ಪಳ. ಹನ್ನೊಂದು ಶತಮಾನಗಳ ನಂತರ ಇದೇ ನೆಲದ ಹೆಸರು ಇನ್ನೊಂದು ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಪ್ರಾದೇಶಿಕ ಅಸಮಾನತೆಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಕೃಷಿ, ಕೈಗಾರಿಕೆ, ಸಾರಿಗೆ, ಬ್ಯಾಂಕು, ಆರೋಗ್ಯ, ಶಿಕ್ಷಣ ಮುಂತಾದವನ್ನು ಒಳಗೊಂಡ 35 ಸೂಚಕಗಳಿಂದ ಅದು ರಾಜ್ಯದ 175 ತಾಲ್ಲೂಕುಗಳನ್ನು ಅಳೆಯಿತು. 114 ಹಿಂದುಳಿದವು ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಕುಷ್ಟಗಿ ಮತ್ತು ಯಲಬುರ್ಗಾ ಈ 39ರಲ್ಲಿ ಸೇರಿವೆ.

ಈ ಲೆಕ್ಕದಿಂದ ಏನಾಯಿತು ಎಂದು ಕೇಳಬಹುದು. ಅದಕ್ಕೂ ಮೊದಲು ‘ನಮ್ಮ ಕಡೆ ಏನೂ ಇಲ್ರೀ’ ಎಂಬುದು ಬರೀ ಗೋಳಾಗಿತ್ತು. ಗೋಳಿಗೆ ಕನಿಕರ ತೋರಿಸಿದರೆ ಸಾಕು, ಕನಿಕರ ಕೊಡುವವನ ಇಷ್ಟ. ಲೆಕ್ಕ ಹಾಗಲ್ಲ. ಅದು ಬಾಕಿಯನ್ನು ತೋರಿಸುತ್ತದೆ. ಬಾಕಿಯನ್ನು ಕೇಳುವವನು ಕೈ ಮುಗಿಯಬೇಕಿಲ್ಲ. ವಿದ್ವತ್ತು ಸಾರ್ವಜನಿಕ ಬದುಕಿಗೆ ಮಾಡಬಹುದಾದ ದೊಡ್ಡ ಉಪಕಾರ ಇದು.

ಆದರೆ ಲೆಕ್ಕ ನಿಲ್ಲುವ ಜಾಗವೂ ಇದೆ. ಮುನಿರಾಬಾದಿನ ಬಳಿ ತುಂಗಭದ್ರೆಗೆ ಅಣೆಕಟ್ಟು ಕಟ್ಟಿದ ಮೇಲೆ ಎಡದಂಡೆ ಕಾಲುವೆಯ ನೀರು ಗಂಗಾವತಿಯ ಕಡೆ ಹರಿಯಿತು. ಅಲ್ಲಿ ಭತ್ತ ಬೆಳೆಯಿತು, ಅಕ್ಕಿ ಗಿರಣಿಗಳು ಬಂದವು. ಕುಷ್ಟಗಿ, ಯಲಬುರ್ಗಾದ ಬಹುಪಾಲು ಹೊಲಗಳು ಮಳೆಯನ್ನೇ ನಂಬಿ ಉಳಿದವು. ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋದರು. ನೀರು ಬಂದ ತಾಲ್ಲೂಕಿನಲ್ಲಿ ನ್ಯಾಯವೂ ಬಂದಿತೆ? ಮರಕುಂಬಿ ಇರುವುದು ಗಂಗಾವತಿ ತಾಲ್ಲೂಕಿನಲ್ಲೇ. ಕ್ಷೌರದಂಗಡಿ, ಹೋಟೆಲುಗಳಲ್ಲಿ ಪ್ರವೇಶ ನಿರಾಕರಿಸಿದ್ದ ಆ ಊರಿನಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಬಳಿಕ ಮೇಲ್ಮನವಿ ಸಲ್ಲಿಸಿದವರಲ್ಲಿ ಹೆಚ್ಚಿನವರಿಗೆ ಹೈಕೋರ್ಟ್ ಜಾಮೀನು ಕೊಟ್ಟಿತು. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ದಲಿತ ಮಗುವೊಂದು ಹುಟ್ಟುಹಬ್ಬದ ದಿನ ಗುಡಿಯೊಳಗೆ ಓಡಿಹೋಯಿತು. ಅದಕ್ಕೆ ಹೆತ್ತವರಿಂದ ಸಾವಿರಾರು ರೂಪಾಯಿ ದಂಡ ಕೇಳಿದರು. ಒಂದು ನೀರಾವರಿಯ ತಾಲ್ಲೂಕು, ಇನ್ನೊಂದು ಒಣಬೇಸಾಯದ್ದು. ಕೇರಿಯ ಅನುಭವ ಮಾತ್ರ ಎರಡೂ ಕಡೆ ಒಂದೇ. ಗುಡಿಯ ಬಾಗಿಲು ಯಾರಿಗೆ ತೆರೆದಿದೆ ಎಂದು ಅಳೆಯುವ ಸೂಚಕ ಆ 35ರಲ್ಲಿ ಇರಲಿಲ್ಲ.

ಇದು ನಂಜುಂಡಪ್ಪನವರ ಮೇಲಿನ ದೂರಲ್ಲ. ಅವರ ಮುಂದಿದ್ದ ಪ್ರಶ್ನೆ ತಾಲ್ಲೂಕು ತಾಲ್ಲೂಕುಗಳ ನಡುವಿನ ಅಂತರ. ತಾಲ್ಲೂಕಿನೊಳಗೆ, ಊರಿಗೂ ಕೇರಿಗೂ ನಡುವೆ ಇರುವ ಅಂತರವನ್ನು ಕೇಳಬೇಕಾದವರು ನಂತರ ಬಂದವರು, ಅಂದರೆ ನಾವು. ಸರಾಸರಿ ಏರಿದರೆ ಸಾಕು ಎಂದುಕೊಂಡರೆ ಗಿರಣಿ ಮಾಲೀಕನ ಏಳಿಗೆಯನ್ನು ಕೂಲಿಯವಳ ಲೆಕ್ಕಕ್ಕೂ ಬರೆದಂತಾಗುತ್ತದೆ.

ಆ ಅಂತರವನ್ನು ಕೇಳಲು ಹತ್ತಿರದಲ್ಲಿ ಇರುವವರು ಬೇಕು. ಬೆಂಗಳೂರಿನಿಂದ ಬಂದ ಸಮಿತಿಗೆ ತಾಲ್ಲೂಕು ಕಾಣುತ್ತದೆ. ಯಾವ ಹೋಟೆಲಿನಲ್ಲಿ ಲೋಟ ಬೇರೆ ಇಡುತ್ತಾರೆ ಎಂಬುದು ಅದೇ ಊರಿನ ಹುಡುಗಿಗೆ ಗೊತ್ತು. ಅವಳು ಓದಿ, ಅದನ್ನೇ ಅಧ್ಯಯನದ ವಿಷಯ ಮಾಡಿಕೊಳ್ಳಲು ವಿಶ್ವವಿದ್ಯಾಲಯ ಬೇಕು. ಹೀಗಿರುವಾಗ 2023ರಲ್ಲಿ ಆರಂಭವಾದ ಕೊಪ್ಪಳ ವಿಶ್ವವಿದ್ಯಾಲಯವೂ ಸೇರಿದಂತೆ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರಲ್ಲಿ ಎದ್ದಿತು. ಕಾರಣ, ಹಣದ ಕೊರತೆ. ಹಿಂದುಳಿದ ಜಿಲ್ಲೆಯಲ್ಲಿ ವಿದ್ಯೆ ದುಬಾರಿ ಎನ್ನುವವರು ಅದು ಇಲ್ಲದಿದ್ದರೆ ಆಗುವ ಖರ್ಚನ್ನೂ ಬರೆದಿಡಬೇಕು.

ಓದಿದವರಿಗೆ ಇಲ್ಲಿ ಒಂದು ಸಣ್ಣ ಕೆಲಸವಿದೆ. ನಮ್ಮ ತಾಲ್ಲೂಕಿನ ಬಗ್ಗೆ ಬಂದ ವರದಿಯನ್ನು ನಮ್ಮ ಊರಿನ ಕಟ್ಟೆಯ ಮೇಲೆ ಕೂತು, ಅಲ್ಲಿನವರಿಗೆ ತಿಳಿಯುವ ಮಾತಿನಲ್ಲಿ ಓದಿ ಹೇಳುವುದು. ಆಮೇಲೆ, ಆ ಕಟ್ಟೆಗೆ ಯಾರು ಬಂದು ಕೂರಲಿಲ್ಲ ಎಂದು ನೋಡುವುದು.