ಜಲಗಾಲನವ್ರತದ ಮೇರೆ ಎಲ್ಲಿಯವರೆಗೆ?

ಜಿನದರ್ಶನ, ರಾತ್ರಿಭೋಜನತ್ಯಾಗ, ಸೋಸಿದ ನೀರಿನ ಸೇವನೆ ಈ ಮೂರನ್ನು ಶ್ರಾವಕನ ಗುರುತುಗಳೆಂದು ನಮ್ಮ ಹಿರಿಯರು ಎಣಿಸುತ್ತ ಬಂದಿದ್ದಾರೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರನು ಸಾಗಾರಧರ್ಮಾಮೃತದಲ್ಲಿ ಜಲಗಾಲನವನ್ನು ಅಷ್ಟಮೂಲಗುಣಗಳ ಸಾಲಿಗೇ ಸೇರಿಸಿದ್ದಾನೆ. 36 ಅಂಗುಲ ಉದ್ದ, 24 ಅಂಗುಲ ಅಗಲದ ದಟ್ಟವಾದ ಬಟ್ಟೆಯನ್ನು ಇಮ್ಮಡಿಯಾಗಿ ಮಡಿಸಿ ನೀರನ್ನು ಸೋಸಬೇಕು. ಹಾಗೆ ಸೋಸಿದ ನೀರಿನ ಅವಧಿ ಒಂದು ಮುಹೂರ್ತ, ಎಂದರೆ 48 ನಿಮಿಷ. ಚೆನ್ನಾಗಿ ಕುದಿಸಿದ ನೀರಿನದು ಎಂಟು ಪ್ರಹರ. ಇವೆಲ್ಲ ವಾಚಕರಿಗೆ ತಿಳಿದ ಸಂಗತಿಗಳೇ. ನಾನು ಇಲ್ಲಿ ಕೇಳಹೊರಟಿರುವುದು ಬೇರೊಂದು ಪ್ರಶ್ನೆ. ಈ ವ್ರತವು ಬಿಂದಿಗೆಯ ಬಾಯಿಗೆ ಮುಗಿಯುವುದೋ, ಅದರಾಚೆಗೂ ಹರಿಯುವುದೋ? ಈ ಸಂದೇಹವು ನನಗೆ ಗ್ರಂಥವನ್ನೋದುವಾಗ ಹುಟ್ಟಲಿಲ್ಲ. ಮದ್ದೂರು ಸೀಮೆಯ ನಮ್ಮ ಮನೆಯ ಹಿತ್ತಲ ಬಾವಿಯ ಕಟ್ಟೆಯ ಮೇಲೆ ಹುಟ್ಟಿತು.

2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆಯಿತಷ್ಟೆ. ಅದಕ್ಕೆ ಮುಂಚಿನ ಚಳಿಗಾಲದಲ್ಲಿ ಅಲ್ಲಿಗೆ ವಿಹಾರ ಹೊರಟಿದ್ದ ಮುನಿಸಂಘವೊಂದು ನಮ್ಮಲ್ಲಿ ಒಂದು ದಿನ ತಂಗಿತ್ತು. ಮುನಿಗಳಿಗೆ ಬಾವಿಯ ನೀರೇ ಆಗಬೇಕು. ನಮ್ಮ ಕಡೆ ಈಗ ಸೇದುವ ಬಾವಿಗಳು ಉಳಿದಿರುವುದೇ ಅಪರೂಪ. ಉಳಿದವುಗಳಲ್ಲಿ ಹೆಚ್ಚಿನವು ಕಸದ ಗುಂಡಿಗಳಾಗಿವೆ. ನಮ್ಮ ಬಾವಿಯನ್ನು ಮಾತ್ರ ಹೂಳು ತೆಗೆಸಿ ಕಾಪಾಡಿಕೊಂಡು ಬಂದಿದ್ದೆವು. ಅದೇ ನೀರನ್ನು ಸೋಸಿ, ಕುದಿಸಿ, ಪಡಗಾಹನ ಮಾಡಿ, ಮನಶ್ಶುದ್ಧಿ, ವಚನಶುದ್ಧಿ, ಕಾಯಶುದ್ಧಿಗಳೊಡನೆ ಆಹಾರವೂ ಜಲವೂ ಶುದ್ಧವೆಂದು ಕೈಮುಗಿದು ನುಡಿದೆನು. ಮುನಿಗಳು ಅಂಜಲಿಯೊಡ್ಡಿದರು.

ಕೆಲವು ತಿಂಗಳ ಅನಂತರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ನೀರಿನ ಪರೀಕ್ಷೆಯ ಕೆಲಸ ಅವನದು. ನಮ್ಮ ಬಾವಿಯ ನೀರನ್ನೂ ಒಂದು ಶೀಸೆಯಲ್ಲಿ ಕೊಂಡೊಯ್ದನು. ನೈಟ್ರೇಟ್ ಎಂಬ ಲವಣವು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ; ನಮ್ಮ ನೀರು ಅದನ್ನು ಮೀರಿತ್ತು. "ಕುದಿಸಿಯೇ ಕುಡಿಯುತ್ತೇವಲ್ಲಪ್ಪ" ಎಂದೆ. "ಕುದಿಸಿದರೆ ಇದು ಹೋಗೋದಿಲ್ಲ ಮೇಷ್ಟ್ರೇ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತೆ" ಎಂದನು. ಆಮೇಲೆ ಹಿತ್ತಲನ್ನೊಮ್ಮೆ ನೋಡಿ, ಬಾವಿಯಿಂದ ಹದಿನೈದು ಹೆಜ್ಜೆಯಾಚೆಗಿದ್ದ ನಮ್ಮ ಪಾಯಿಖಾನೆಯ ಗುಂಡಿಯನ್ನು ತೋರಿಸಿದನು. ಏನೂ ಹೇಳಲಿಲ್ಲ. ಗುರುವಿಗೆ ಅಷ್ಟು ಮರ್ಯಾದೆ ಕೊಟ್ಟನು.

ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಇದೇನೂ ಹೊಸ ಸಂಗತಿಯಲ್ಲ. ಕನ್ನಂಬಾಡಿಯ ನೀರು ಬಂದ ಮೇಲೆ ಮಂಡ್ಯ ಸೀಮೆಯಲ್ಲಿ ಕಬ್ಬು ಬತ್ತಗಳು ಬೆಳೆದವು; 1933ರಲ್ಲಿ ಸಕ್ಕರೆಯ ಕಂಪೆನಿ ಬಂದಿತು; ಅನಂತರ ಯೂರಿಯ ಬಂದಿತು. ಪೈರು ಹೀರದೆ ಬಿಟ್ಟ ಗೊಬ್ಬರವು ನೀರಿನೊಡನೆ ಕೆಳಗಿಳಿಯುತ್ತದೆ. ಊರೊಳಗಿನ ಮಲದ ಗುಂಡಿಗಳ ಸಾರವೂ ಅದನ್ನು ಕೂಡಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಷ್ಟು ಮಡಿಕೆಯ ಬಟ್ಟೆಯೂ ಅದನ್ನು ತಡೆಯದು. ಆರು ತಿಂಗಳೊಳಗಿನ ಹಸುಳೆಗಳಿಗೆ ಅಂತಹ ನೀರಿನಲ್ಲಿ ಹಾಲು ಕಲಸಿ ಕುಡಿಸಿದರೆ ರಕ್ತವು ಪ್ರಾಣವಾಯುವನ್ನು ಹೊರಲಾರದೆ ಮೈ ನೀಲಿಗಟ್ಟುವುದುಂಟು.

ನಾನು ಮುನಿಗಳೆದುರು ಅಸತ್ಯ ನುಡಿದೆನೇ ಎಂಬುದು ನನ್ನನ್ನು ಬಹುಕಾಲ ಕಾಡಿತು. ಮಿತ್ರರೊಬ್ಬರು ಸಮಾಧಾನ ಹೇಳಿದರು: ನೀರು ಪ್ರಾಸುಕವಾಗಿತ್ತು, ವ್ರತಕ್ಕೆ ಬೇಕಾದುದು ಅಷ್ಟೇ, ವಿಜ್ಞಾನದ ಲೆಕ್ಕ ಬೇರೆ, ಶಾಸ್ತ್ರದ ಲೆಕ್ಕ ಬೇರೆ. ಈ ಮಾತನ್ನು ನಾನು ಒಪ್ಪಲಾರೆ. ಸಮಂತಭದ್ರಾಚಾರ್ಯರು ಭೋಗೋಪಭೋಗಪರಿಮಾಣವನ್ನು ವಿವರಿಸುವೆಡೆಯಲ್ಲಿ, ಜೀವಘಾತದ ದೋಷವುಳ್ಳ ಪದಾರ್ಥಗಳೊಡನೆ ಅನಿಷ್ಟವಾದುದನ್ನೂ ಬಿಡಬೇಕೆಂದು ವಿಧಿಸಿದ್ದಾರೆ. ಅನಿಷ್ಟವೆಂದರೆ ಶುದ್ಧವಾಗಿದ್ದರೂ ದೇಹಕ್ಕೆ ಅಹಿತವಾದದ್ದು. ನಮ್ಮ ಬಾವಿಯ ನೀರು ಪ್ರಾಸುಕವೂ ಹೌದು, ಅನಿಷ್ಟವೂ ಹೌದು. ಎರಡು ಲೆಕ್ಕಗಳೂ ಶಾಸ್ತ್ರದೊಳಗೇ ಇವೆ. ನಾವು ಒಂದನ್ನು ಮಾತ್ರ ಕಲಿತಿದ್ದೇವೆ.

ನನಗೆ ತಿಳಿದಿರಲಿಲ್ಲವೆಂಬುದು ನಿಜ. ಹಿಂಸೆಯ ಬೇರು ಪ್ರಮತ್ತಯೋಗದಲ್ಲಿದೆಯೆಂದು ಉಮಾಸ್ವಾಮಿಗಳು ಹೇಳಿರುವುದರಿಂದ, ತಿಳಿಯಲು ದಾರಿಯೇ ಇಲ್ಲದಿದ್ದ ನಮ್ಮ ಅಜ್ಜಂದಿರು ಇದೇ ನೀರನ್ನು ಕೊಟ್ಟಿದ್ದರೂ ಅವರಿಗೆ ದೋಷವಿಲ್ಲ. ಆದರೆ ನನಗೆ ದಾರಿಯಿತ್ತು. ಒಂದು ಶೀಸೆ ನೀರನ್ನು ಮಂಡ್ಯಕ್ಕೆ ಕಳುಹಿಸಿದ್ದರೆ ಸಾಕಾಗಿತ್ತು. ಕೇಳಿದರೆ ತಿಳಿಯಬಹುದಾದುದನ್ನು ಕೇಳದೆ ಇದ್ದುದನ್ನು ಅಜ್ಞಾನವೆನ್ನುವುದಕ್ಕಿಂತ ಪ್ರಮಾದವೆನ್ನುವುದೇ ಸರಿ.

ಇಲ್ಲಿ ಇನ್ನೊಂದು ಮಾತು. ನಮ್ಮವರು ವಿಜ್ಞಾನವು ಜಲಗಾಲನವನ್ನು ಸಮರ್ಥಿಸಿದೆಯೆಂದು ಸಭೆಗಳಲ್ಲಿ ಹಿಗ್ಗಿ ಹೇಳುವುದುಂಟು. ಅದಕ್ಕೆ ಆಧಾರವಿಲ್ಲದೆ ಇಲ್ಲ. ಬಾಂಗ್ಲಾದೇಶದ ಮತ್ಲಬ್ ಪ್ರಾಂತದಲ್ಲಿ ಹಳೆಯ ಹತ್ತಿಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಬೇನೆಯು 48 ಪಾಲು ತಗ್ಗಿತೆಂದು ರೀಟಾ ಕಾಲ್ವೆಲ್ ಎಂಬ ವಿದುಷಿಯೂ ಅವರ ಸಂಗಡಿಗರೂ 2003ರಲ್ಲಿ ಪ್ರಕಟಿಸಿದರು. ಕಾಲರಾದ ಅಣುಜೀವಿಯು ನೀರಿನ ಕಿರುಜಂತುಗಳಿಗೆ ಅಂಟಿಕೊಂಡಿರುವುದರಿಂದ ಬಟ್ಟೆಯು ಎರಡನ್ನೂ ಹಿಡಿಯಿತು. ಸಂತೋಷವೇ. ಆದರೆ ಆರೋಗ್ಯವೇ ವ್ರತಕ್ಕೆ ಆಧಾರವೆಂದೊಪ್ಪಿದರೆ, ನೈಟ್ರೇಟಿನೆದುರು ಬಟ್ಟೆ ಸೋತ ದಿನ ವ್ರತವೂ ಸೋಲಬೇಕಾಗುತ್ತದೆ. ಸೋಸುವುದು ನಮ್ಮ ಹೊಟ್ಟೆಯ ರಕ್ಷಣೆಗಾಗಿ ವಿಧಿಸಿದ್ದಲ್ಲ, ನೀರಿನಲ್ಲಿರುವ ತ್ರಸಜೀವಿಗಳ ರಕ್ಷಣೆಗಾಗಿ. ಅದಕ್ಕೆ ಸಾಕ್ಷಿಯು ಸೋಸುವಿಕೆಯಲ್ಲಿಲ್ಲ, ಅದರ ಮುಂದಿನ ಕ್ರಿಯೆಯಲ್ಲಿದೆ: ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ಸೇದಿದೆವೋ ಅದೇ ಬಾವಿಗೆ, ಮೇಲಿಂದ ಎರಚದೆ, ಪಾತ್ರೆಯನ್ನು ನೀರಿನ ಮಟ್ಟಕ್ಕೆ ಇಳಿಸಿ ಬಿಡಬೇಕು. ಉತ್ತರದವರು ಇದನ್ನು ಜೀವಾನಿ ಎನ್ನುತ್ತಾರೆ. ಮರಳಿ ಸೇರಿಸದಿದ್ದರೆ ಸೋಸಿದ್ದು ಅರ್ಧ ವ್ರತ ಮಾತ್ರ. ಹೀಗೆ ಜಲಮೂಲಕ್ಕೆ ನಾವು ಏನನ್ನು ಹಿಂದಿರುಗಿಸುತ್ತೇವೆಂಬುದು ಮೊದಲಿನಿಂದಲೂ ವ್ರತದ ಅಂಗವಾಗಿಯೇ ಇದೆ.

ನಾನೋ, ನಿತ್ಯವೂ ಜೀವಾನಿಯನ್ನು ಭಕ್ತಿಯಿಂದ ಬಾವಿಗಿಳಿಸುತ್ತಿದ್ದೆ. ಹದಿನೈದು ಹೆಜ್ಜೆಯಾಚೆಯಿಂದ ಅದೇ ಬಾವಿಗೆ ಇನ್ನೊಂದನ್ನು ಇಳಿಸುತ್ತಿದ್ದೆ. ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಕಡೆಯದಾದ ಉತ್ಸರ್ಗವು ಮಲಮೂತ್ರಗಳನ್ನು ನಿರ್ಜಂತುಕವಾದ ನೆಲವನ್ನು ನೋಡಿ ವಿಸರ್ಜಿಸಬೇಕೆನ್ನುತ್ತದೆ. ಶ್ರಾವಕನಿಗೆ ಅಷ್ಟು ಕಟ್ಟುನಿಟ್ಟಿಲ್ಲವೆಂಬುದು ದಿಟವಾದರೂ, ಕಾರಣವಿಲ್ಲದೆ ನೀರು ಚೆಲ್ಲುವುದನ್ನೂ ನೆಲ ಅಗೆಯುವುದನ್ನೂ ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಎಣಿಸಿರುವಾಗ, ಚೆಲ್ಲಿದ ನೀರು ಎಲ್ಲಿಗೆ ಹೋಯಿತೆಂದು ಕೇಳದಿರುವುದು ಅದಕ್ಕಿಂತ ಹಗುರವಾದುದಾಗಲಾರದು.

ನಲ್ಲಿ ಬಂದ ಮೇಲೆ ಈ ಪ್ರಶ್ನೆಯೇ ಮರೆಯಾಯಿತು. ನಲ್ಲಿಗೆ ಜೀವಾನಿಯನ್ನು ಹಿಂದಿರುಗಿಸುವುದು ಹೇಗೆ? ಬೆಂಗಳೂರಿನ ನಮ್ಮ ಬಂಧುಗಳ ಅಡುಗೆಮನೆಗೆ ಬರುವ ಕಾವೇರಿಯು ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾಗಿ, ಸುಮಾರು 100 ಕಿಲೋಮೀಟರು ದೂರ, 500 ಮೀಟರು ಎತ್ತರಕ್ಕೆ ಏರಿ ಹೋಗುತ್ತದೆ. 1974ರಲ್ಲಿ ಮೊದಲನೆಯ ಹಂತ, 2024ರಲ್ಲಿ ಐದನೆಯದು. ಬಳಸಿದ ನೀರಿನ ಒಂದು ಭಾಗವು ನಗರದ ಪಶ್ಚಿಮದ ವೃಷಭಾವತಿಗಿಳಿದು, ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಅದೇ ಕಾವೇರಿಗೆ ಬಂದು ಸೇರುತ್ತದೆ. ಅದೂ ಒಂದು ಬಗೆಯ ಜೀವಾನಿಯೇ. ಏನನ್ನು ಹಿಂದಿರುಗಿಸುತ್ತಿದ್ದೇವೆಂಬುದನ್ನು ವೃಷಭಾವತಿಯ ಸೇತುವೆಯ ಮೇಲೆ ಮೂಗು ಮುಚ್ಚಿಕೊಂಡು ನಡೆದವರು ಬಲ್ಲರು. ಕೊಳಚೆನೀರಿನ ಶುದ್ಧೀಕರಣದಲ್ಲಿಯೂ ಅಣುಜೀವಿಗಳು ಸಾಯುತ್ತವಲ್ಲವೇ ಎಂದು ಯುವಕನೊಬ್ಬನು ಕೇಳಿದನು. ಸಾಯುತ್ತವೆ. ಅದು ಗೃಹಸ್ಥನಿಗೆ ತಪ್ಪದ ಆರಂಭೀ ಹಿಂಸೆ. ಶುದ್ಧಿ ಮಾಡದೆ ಬಿಟ್ಟರೆ ಹೊಳೆಯ ಮೀನುಗಳೂ ಅವನ್ನು ನಂಬಿದ ಪಕ್ಷಿಗಳೂ ಸಾಯುತ್ತವೆ.

ಪಕ್ಷಿಗಳ ಮಾತು ಸುಮ್ಮನೆ ಬಂದುದಲ್ಲ. ನಾನು ಜಲಶುದ್ಧಿಯನ್ನು ಘೋಷಿಸಿದ ಅದೇ ಚಳಿಗಾಲದಲ್ಲಿ, 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಬಿದ್ದು ಸತ್ತವು. ಹೊಟ್ಟೆಯೊಳಗೆ ಹುಳುಗಳು ತುಂಬಿದ್ದವು; ಕೊಳಚೆ ಸೇರಿದ ಕೆರೆಗಳ ಮೀನಿನಿಂದ ಬಂದಿರಬಹುದೆಂದು ಬಲ್ಲವರು ಶಂಕಿಸಿದರು. ಆ ಊರಿನ ಜನ ತಲೆಮಾರುಗಳಿಂದ ಆ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ನೋಡಿಕೊಂಡವರು. ಹುಣಿಸೆಮರಗಳ ಕೆಳಗೆ ಬಿದ್ದ ಹಿಕ್ಕೆಯನ್ನು ಗುಂಡಿಯಲ್ಲಿ ಕೂಡಿಟ್ಟು ಗದ್ದೆಗೆ ಗೊಬ್ಬರ ಮಾಡಿದವರು. ಅವರಲ್ಲಿ ಯಾರೂ ಶ್ರಾವಕರಲ್ಲ. ಉತ್ಸರ್ಗಸಮಿತಿಯನ್ನು ನಾನು ಅವರಿಂದ ಕಲಿಯಬೇಕಾಗಿದೆ.

ಗುಂಡಿಯನ್ನು ಮುಚ್ಚಿಸಿ, ಬಾವಿಯಿಂದ ದೂರಕ್ಕೆ, ಇಳಿಜಾರಿನ ಕೆಳಬದಿಗೆ ಹೊಸದನ್ನು ಮಾಡಿಸಿದೆ. ಪಾತ್ರೆ ತೊಳೆದ ನೀರು ಈಗ ಬಾಳೆಯ ಪಾತಿಗೆ ಹೋಗುತ್ತದೆ. ನೆಲದೊಳಗಿನ ನೀರು ತಿಳಿಯಾಗಲು ವರ್ಷಗಳೇ ಬೇಕೆಂದು ಶಿಷ್ಯನು ಎಚ್ಚರಿಸಿದ್ದಾನೆ. ಸುತ್ತಣ ಗದ್ದೆಗಳ ಯೂರಿಯ ನನ್ನ ಕೈಯಲ್ಲಿಲ್ಲ. ಹಸುಗೂಸುಗಳಿರುವ ನೆರೆಮನೆಗಳಿಗೆ ಹೋಗಿ ನಮ್ಮ ಬಾವಿಯ ನೀರನ್ನು ಮಕ್ಕಳಿಗೆ ಕೊಡಬೇಡಿರೆಂದು ಹೇಳಿಬಂದೆ, ನಾಚಿಕೆಯಾಯಿತು. ಎರಡನೆಯ ಸಲದ ಪರೀಕ್ಷೆಯಲ್ಲಿಯೂ ಅಂಕಿ ಮಿತಿಯ ಮೇಲೆಯೇ ಇತ್ತು. ಈ ಸಲದ ದಶಲಕ್ಷಣಪರ್ವಕ್ಕೆ ಮುಂಚೆ ಇನ್ನೊಂದು ಶೀಸೆಯನ್ನು ಕಳುಹಿಸಬೇಕು.