ನೆಲ ಡೊಂಕೆಂಬ ಮಾತು

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ಆಡಿಕೊಂಡು ನಾವೆಲ್ಲರೂ ನಕ್ಕವರೇ. ತನ್ನ ಕುಂದನ್ನು ಕಾಲಕೆಳಗಿನ ನೆಲಕ್ಕೆ ಹೊರಿಸುವವರು ಎಲ್ಲ ಕಾಲದಲ್ಲಿಯೂ ಇರುವುದರಿಂದ ಆ ನಗೆ ಸಹಜವೂ ಹೌದು. ಆದರೆ ನೆಲ ನಿಜವಾಗಿಯೂ ಡೊಂಕಾಗಿದ್ದರೆ ಏನು ಮಾಡಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ಸರ್ಕಾರೀ ಪ್ರಾಥಮಿಕ ಶಾಲೆಯ ಮಕ್ಕಳು ಓದಿನಲ್ಲಿ ಹಿಂದೆ ಎಂಬ ಮಾತು ಎದ್ದಾಗಲೆಲ್ಲ ನನಗೆ ಈ ಪ್ರಶ್ನೆ ನೆನಪಾಗುತ್ತದೆ.

ಬೆಂಗಳೂರಿನ ಅಕ್ಕಿಪೇಟೆಯನ್ನೇ ನೋಡಬಹುದು. ಹೆಸರು ಅಕ್ಕಿಯ ವ್ಯಾಪಾರದಿಂದ ಬಂದದ್ದು. ಇಂದು ಧಾನ್ಯದ ಸಗಟು ವ್ಯಾಪಾರದ ದೊಡ್ಡ ಪಾಲು ಯಶವಂತಪುರದ ಮಾರುಕಟ್ಟೆಯ ಪ್ರಾಂಗಣಕ್ಕೆ ಹೋಗಿದೆ. ಆದರೂ ಕೈಗಾಡಿಯಾಗಲಿ, ಮೂಟೆ ಹೊರುವ ಬೆನ್ನಾಗಲಿ ಹಳೆಯ ಪೇಟೆಯನ್ನು ಬಿಟ್ಟು ಹೋಗಿಲ್ಲ. ಇಂಥ ಪೇಟೆಗಳಲ್ಲಿ ಅಂಗಡಿಯ ಯಜಮಾನರ ಮೊಮ್ಮಕ್ಕಳು ವ್ಯಾನು ಹತ್ತಿ ದೂರದ ಖಾಸಗಿ ಶಾಲೆಗೆ ಹೋಗುತ್ತಾರೆ. ಅದೇ ಅಂಗಡಿಯ ಮುಂದೆ ಮೂಟೆ ಇಳಿಸುವವನ ಮಗಳು ನಡೆದುಕೊಂಡು ಸರ್ಕಾರೀ ಶಾಲೆಗೆ ಬರುತ್ತಾಳೆ. ಅಲ್ಲಿ ಅವಳ ಜೊತೆಗೆ ಕುಳಿತವರಲ್ಲಿ ಒಬ್ಬನ ಮನೆಮಾತು ತೆಲುಗು, ಇನ್ನೊಬ್ಬಳದು ತಮಿಳು, ಮತ್ತೊಬ್ಬಳದು ಉರ್ದು. ರಾಯಚೂರು, ಕಲಬುರಗಿಯ ಕಡೆಯಿಂದ ಬಂದ ಮಗುವಿಗೆ ಕನ್ನಡ ಬರುತ್ತದೆ. ಪಠ್ಯಪುಸ್ತಕದ ಕನ್ನಡ ಮಾತ್ರ ಬೇರೆ. ಮನೆಯೆಂದರೆ ಒಂದೇ ಕೋಣೆ. ತಾಯಿ ಕೆಲಸಕ್ಕೆ ಹೋದಾಗ ತಮ್ಮನನ್ನು ಎತ್ತಿಕೊಳ್ಳುವವಳು ಇವಳೇ. ಕೂಲಿ ತಪ್ಪಿದರೆ ವರ್ಷದ ನಡುವೆಯೇ ಊರು ಬದಲಾಗುತ್ತದೆ.

ಇಂಥ ಶಾಲೆಯ ಅಂಕಪಟ್ಟಿಯನ್ನು ಸಂದರ್ಶನ ಮಾಡಿ, ಶುಲ್ಕ ಪಡೆದು, ಮಕ್ಕಳನ್ನು ಆರಿಸಿಕೊಳ್ಳುವ ಶಾಲೆಯ ಅಂಕಪಟ್ಟಿಯ ಪಕ್ಕದಲ್ಲಿ ಇಟ್ಟು ತೀರ್ಪು ಕೊಡುವುದು ನ್ಯಾಯವೆ? ಯಾವ ಭತ್ತ ಒಳಗೆ ಹೋಯಿತೆಂದು ವಿಚಾರಿಸದೆ ಗಿರಣಿಯನ್ನು ಹೊಗಳುವ ಅಕ್ಕಿ ವ್ಯಾಪಾರಿ ಎಲ್ಲಿಯೂ ಇಲ್ಲ. ಶಾಲೆಯ ವಿಷಯದಲ್ಲಿ ಮಾತ್ರ ನಾವು ಆ ವಿಚಾರಣೆಯನ್ನು ಬಿಟ್ಟುಬಿಡುತ್ತೇವೆ. ಬಂದವರನ್ನೆಲ್ಲ ಒಳಗೆ ಕರೆದುಕೊಳ್ಳುವುದು ಒಂದು ಗುಣ. ಅದಕ್ಕೆ ಅಂಕಪಟ್ಟಿಯಲ್ಲಿ ಕಲಮು ಇಲ್ಲ.

ಇದು ಬರಿಯ ಅನುಕಂಪದ ಮಾತಲ್ಲ. ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞರು ಸುಮಾರು ೪,೦೦೦ ಶಾಲೆಗಳ, ಆರು ಲಕ್ಷಕ್ಕೂ ಮೇಲ್ಪಟ್ಟ ಮಕ್ಕಳ ಓದನ್ನು ಪರಿಶೀಲಿಸಿ ೧೯೬೬ರಲ್ಲಿ ವರದಿ ಕೊಟ್ಟರು. ಮಕ್ಕಳ ಅಂಕಗಳಲ್ಲಿ ಕಾಣುವ ಅಂತರಕ್ಕೆ ಶಾಲೆಯ ಕಟ್ಟಡ, ಪುಸ್ತಕ, ಸಲಕರಣೆಗಳಿಗಿಂತ ಮನೆಯ ಸ್ಥಿತಿಯೇ ಹೆಚ್ಚು ಕಾರಣವೆಂದು ಅದು ತೋರಿಸಿತು. ಅದರೊಳಗೆ ಇನ್ನೊಂದು ಮಾತೂ ಇತ್ತು: ಮಗುವಿನ ಕಲಿಕೆಯ ಮೇಲೆ ಸಹಪಾಠಿಗಳ ಪ್ರಭಾವವೂ ಬೀಳುತ್ತದೆ. ಈ ಎರಡನೆಯ ಮಾತಿಗೆ ಮುಂದೆ ಬರುತ್ತೇನೆ.

ಇಷ್ಟನ್ನು ಒಪ್ಪಿದ ಕೂಡಲೆ ಎದುರು ದಿಕ್ಕಿನ ಅಪಾಯವೊಂದು ಕಾದಿರುತ್ತದೆ. “ಪಾಪ, ಆ ಮನೆಯ ಮಕ್ಕಳಿಗೆ ಇಷ್ಟು ಬಂದರೆ ಸಾಕು” ಎಂಬ ಮಾತು ಕರುಣೆಯ ವೇಷ ತೊಟ್ಟ ತಾತ್ಸಾರ. ಭತ್ತದ ಜಾತಿ ಗಿರಣಿಯಲ್ಲಿ ಬದಲಾಗದು. ಮಗು ಬದಲಾಗುತ್ತದೆ, ಬದಲಾಗಲೆಂದೇ ಶಾಲೆಗೆ ಬರುತ್ತದೆ. ಮನೆಯಲ್ಲಿ ಪುಸ್ತಕವಿಲ್ಲದವಳಿಗೆ ಶಾಲೆಯಲ್ಲಿ ಓದು ಬಾರದಿದ್ದರೆ ಮತ್ತೆಲ್ಲಿಯೂ ಬಾರದು. ಉಳ್ಳವರ ಮಗುವಿಗಾದರೆ ಮನೆಪಾಠವಿದೆ. ಆದುದರಿಂದ ಉಪಾಧ್ಯಾಯರ ಹೊಣೆ ಬಡವರ ಶಾಲೆಯಲ್ಲಿ ಹೆಚ್ಚೇ ಹೊರತು ಕಡಿಮೆಯಲ್ಲ. ಸಮಾಜ ನೆಟ್ಟಗಾಗುವ ತನಕ ಮೂರನೆಯ ತರಗತಿಯ ಹುಡುಗಿ ಕಾಯಲಾರಳು. ಮುಂದಿನ ಜೂನ್ ತಿಂಗಳಲ್ಲಿ ಅವಳು ನಾಲ್ಕನೆಯ ತರಗತಿಯಲ್ಲಿರುತ್ತಾಳೆ.

ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಮುಂದೆ ಇಂಥ ಶಾಲೆಗಳಿಂದ ಬಂದವರು ಪ್ರತಿವರ್ಷ ಕುಳಿತಿರುತ್ತಾರೆ. ಅವರನ್ನು ತೋರಿಸಿ, “ನೋಡಿ, ಮನಸ್ಸಿದ್ದರೆ ಬಡವನೂ ಓದಬಲ್ಲ” ಎನ್ನುವವರುಂಟು. ದಾಟಿ ಬಂದ ಒಬ್ಬನನ್ನು ಮುಂದಿಟ್ಟು, ನೀರಿನಲ್ಲಿ ಉಳಿದವರನ್ನು ಬೈಯುವ ಈ ವಾದ ನನಗೆ ಹಿಡಿಸದು. ಸೇತುವೆ ಏಕಿಲ್ಲವೆಂದು ಅದು ಕೇಳುವುದೇ ಇಲ್ಲ.

ಹಾಗಾದರೆ ಅಳತೆ ಯಾವುದು? ಮಗು ಎಲ್ಲಿ ನಿಂತಿದೆ ಎಂಬುದಕ್ಕಿಂತ, ಎಲ್ಲಿಂದ ಹೊರಟು ಎಲ್ಲಿಗೆ ಬಂತು ಎಂಬುದು. ಜೂನ್ ತಿಂಗಳಲ್ಲಿ ಅಕ್ಷರ ಕೂಡಿಸಲಾರದವಳು ಮಾರ್ಚಿಯಲ್ಲಿ ಒಂದು ಪುಟ ಓದಿದರೆ ಆ ಶಾಲೆ ದೊಡ್ಡ ಕೆಲಸ ಮಾಡಿದೆ. ಓದಲಾರದವಳಾಗಿಯೇ ಉಳಿದರೆ ಶಾಲೆ ಉತ್ತರ ಹೇಳಬೇಕು. ಆದರೆ ಅವಳು ಹೊರಟ ಜಾಗ ಅಷ್ಟು ಹಿಂದೆ ಏಕಿತ್ತೆಂಬುದಕ್ಕೆ ಉತ್ತರ ಹೇಳಬೇಕಾದವರು ಶಾಲೆಯ ಹೊರಗಿದ್ದಾರೆ.

ಆ ಹೊರಗಿನವರು ಯಾರು? ೧೯೧೩ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನವು ಆಯ್ದ ಪ್ರದೇಶಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಲು ಕಾಯಿದೆ ತಂದಿತು. ೧೯೬೬ರಲ್ಲಿ ಕೊಠಾರಿ ಆಯೋಗವು ನೆರೆಹೊರೆಯ ಮಕ್ಕಳೆಲ್ಲ ಒಂದೇ ಶಾಲೆಯಲ್ಲಿ ಕಲಿಯಬೇಕೆಂದು ಶಿಫಾರಸು ಮಾಡಿತು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ಖಾಸಗಿ ಶಾಲೆಗಳಲ್ಲಿ ಶೇಕಡ ೨೫ ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಇಟ್ಟಿತು. ಆದರೆ ನಮ್ಮ ರಾಜ್ಯದಲ್ಲಿ ೨೦೧೯-೨೦ರ ಸಾಲಿನಿಂದ, ನೆರೆಯಲ್ಲಿ ಸರ್ಕಾರೀ ಅಥವಾ ಅನುದಾನಿತ ಶಾಲೆಯಿರುವೆಡೆ ಆ ಅವಕಾಶ ಇಲ್ಲವಾಯಿತು. ಅಧಿಕಾರಿಗಳ ಮಕ್ಕಳು ಸರ್ಕಾರೀ ಪ್ರಾಥಮಿಕ ಶಾಲೆಗಳಲ್ಲಿಯೇ ಓದಬೇಕೆಂದು ೨೦೧೫ರಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯ ಆಜ್ಞೆ ಮಾಡಿದ್ದುಂಟು. ಅದು ಆಚರಣೆಗೆ ಬರಲಿಲ್ಲ. ಮಕ್ಕಳನ್ನು ಒಟ್ಟಿಗೆ ಕೂರಿಸುವ ಮಾತು ಬಂದಾಗಲೆಲ್ಲ ಪಕ್ಕಕ್ಕೆ ಸರಿದವರಲ್ಲಿ, ಈ ಪುಟವನ್ನು ಓದುವ ನಮ್ಮಂಥವರೇ ಹೆಚ್ಚು.

ಮಗುವಿಗೆ ಒಳ್ಳೆಯದನ್ನು ಬಯಸುವ ತಂದೆತಾಯಿಗಳನ್ನು ಪಾಪಿಗಳೆಂದು ಕರೆಯಲು ನಾನು ಸಿದ್ಧನಿಲ್ಲ. ಆದರೆ ಕೋಲ್ಮನ್ನರ ಎರಡನೆಯ ಮಾತನ್ನು ಇಲ್ಲಿ ನೆನೆಯಬೇಕು. ಮನೆಯಲ್ಲಿ ಕಥೆ ಕೇಳಿ ಬೆಳೆದ ಮಗು ತರಗತಿಯನ್ನು ಬಿಟ್ಟಾಗ, ಪಕ್ಕದ ಮಗು ಅದರಿಂದ ಕಲಿಯಬಹುದಾಗಿದ್ದುದೂ ಹೋಯಿತು. ಅದರ ಜೊತೆಗೆ, ಸೂರು ಸೋರಿದರೆ ಅರ್ಜಿ ಬರೆಯುವ, ಉಪಾಧ್ಯಾಯರ ಹುದ್ದೆ ಖಾಲಿಯಿದ್ದರೆ ಪತ್ರಿಕೆಗೆ ಕಾಗದ ಹಾಕುವ ತಂದೆಯೂ ಹೊರಟುಹೋದ. ಬಿಟ್ಟು ಬಂದದ್ದು ನಮ್ಮ ಹಕ್ಕಿರಬಹುದು. ಬಿಟ್ಟು ಬಂದ ಮೇಲೆ ಆ ಶಾಲೆಯ ಅಂಕಗಳನ್ನು ಎತ್ತಿ ತೋರಿಸಿ, ನಮ್ಮ ಆಯ್ಕೆಯೇ ಸರಿಯಾಯಿತೆಂದು ಬೀಗುವುದು ಯಾವ ಹಕ್ಕು?

ನಾಳೆಯೇ ಎಲ್ಲರೂ ಮಕ್ಕಳನ್ನು ಅಲ್ಲಿಗೆ ಸೇರಿಸುತ್ತಾರೆಂದು ನಂಬುವಷ್ಟು ಮುಗ್ಧತೆ ನನಗಿಲ್ಲ. ಆದರೆ ನಮ್ಮ ಮಗು ಓದದಿದ್ದರೂ ಆ ಶಾಲೆ ನಮ್ಮದೇ. ಅದು ನಡೆಯುವುದು ನಮ್ಮ ತೆರಿಗೆಯಿಂದ, ಅಲ್ಲಿ ಕಲಿಯುವುದು ನಮ್ಮ ಬೀದಿಯ ಮಕ್ಕಳು. ಅದರ ಸೂರು ಸೋರಿದಾಗ, ಒಬ್ಬರೇ ಉಪಾಧ್ಯಾಯರು ಎರಡು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾಗಿ ಬಂದಾಗ, ಬರೆಯಬಲ್ಲ ನಾವು ಒಂದು ಅರ್ಜಿ ಬರೆಯಬಹುದು. ಮೂಟೆ ಹೊತ್ತು ದಣಿದು ಬಂದ ತಂದೆಗೆ ಆ ಅರ್ಜಿ ಬರೆಯುವ ಬಿಡುವೂ ಇಲ್ಲ, ಧೈರ್ಯವೂ ಇಲ್ಲ.